ಬಾಂಬ್ ಕ್ಯಾಲೋರಿಮೀಟರಿನ ಮಾಪನಾಂಕ ನಿರ್ಣಯ ಮಾಡುವ ಬಗೆ

ಬಾಂಬ್ ಕ್ಯಾಲೋರಿಮೀಟರಿನಿಂದ ನಮಗೆ ನೇರವಾಗಿ ಸಿಗುವುದು ನೀರಿನ ತಾಪಮಾನದ ಏರಿಕೆ ಮಾತ್ರ. ಕಲ್ಲಿದ್ದಲು, ಎಣ್ಣೆ, ಮರದ ಪುಡಿ, ಪಶು ಆಹಾರ, ಏನನ್ನೇ ಸುಟ್ಟರೂ ಪರದೆಯ ಮೇಲೆ ಕಾಣುವುದು ಎರಡು ಮೂರು ಡಿಗ್ರಿಗಳ ಒಂದು ಅಂಕಿ. ಅದನ್ನು ಗ್ರಾಂಗೆ ಇಷ್ಟು ಜೂಲ್ ಎಂಬ ಲೆಕ್ಕಕ್ಕೆ ತರಬೇಕಾದರೆ, ಬಾಂಬ್ (ವಸ್ತುವನ್ನು ಸುಡುವ ಬಿಗಿಯಾಗಿ ಮುಚ್ಚಿದ ಲೋಹದ ಪಾತ್ರೆ), ಬಕೆಟ್ (ಬಾಂಬ್ ಮುಳುಗಿರುವ ನೀರಿನ ಪಾತ್ರೆ), ನೀರು, ಕಲಕುವ ರೆಕ್ಕೆ, ತಾಪಮಾಪಕ ಇವೆಲ್ಲ ಒಟ್ಟಾಗಿ ಒಂದು ಡಿಗ್ರಿ ಏರಲು ಎಷ್ಟು ಶಾಖ ಬೇಕು ಎಂಬುದು ಮೊದಲೇ ಗೊತ್ತಿರಬೇಕು. ಇದೇ ಉಪಕರಣದ ಉಷ್ಣ ಸಾಮರ್ಥ್ಯ. ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಇದನ್ನು ನೀರಿನ ಸಮಾನಾಂಕ ಎಂದೂ ಕರೆಯುತ್ತಾರೆ. ಈ ಅಂಕಿಯನ್ನು ಪತ್ತೆ ಹಚ್ಚುವ ಕೆಲಸವೇ ಮಾಪನಾಂಕ ನಿರ್ಣಯ, ಅಂದರೆ ಕ್ಯಾಲಿಬ್ರೇಷನ್.

ಲೋಹದ ತೂಕ, ನೀರಿನ ತೂಕ, ಅವುಗಳ ವಿಶಿಷ್ಟ ಉಷ್ಣ ಇವನ್ನು ಗುಣಿಸಿ ಕೂಡಿಸಿದರೆ ಆಗದೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಅಂದಾಜಿಗೆ ಆಗುತ್ತದೆ, ಅಳತೆಗೆ ಆಗುವುದಿಲ್ಲ. ಕಲಕುವ ದಂಡದ ಎಷ್ಟು ಭಾಗ ನೀರಿನೊಂದಿಗೆ ಬಿಸಿಯಾಗುತ್ತದೆ, ವಿದ್ಯುತ್ ತಂತಿಗಳ ಎಷ್ಟು ಉದ್ದ ಶಾಖವನ್ನು ಹೊರಗೆ ಒಯ್ಯುತ್ತದೆ ಎಂಬುದನ್ನು ಯಾವ ತಕ್ಕಡಿಯೂ ಹೇಳದು. ಆದ್ದರಿಂದ ದಹನ ಶಾಖ ಖಚಿತವಾಗಿ ಗೊತ್ತಿರುವ ಒಂದು ವಸ್ತುವನ್ನು ಅದೇ ಉಪಕರಣದಲ್ಲಿ ಸುಟ್ಟು, ಏರಿಕೆಯನ್ನು ನೋಡಿ, ಹಿಮ್ಮುಖವಾಗಿ ಲೆಕ್ಕ ಹಾಕುತ್ತೇವೆ. 1881ರಲ್ಲಿ ಫ್ರಾನ್ಸಿನ ಮಾರ್ಸೆಲಿನ್ ಬೆರ್ತಲೋ ಒತ್ತಡದ ಆಮ್ಲಜನಕ ತುಂಬಿದ ಉಕ್ಕಿನ ಬಾಂಬನ್ನು ಬಳಕೆಗೆ ತಂದ ಮೇಲೆ ಉಪಕರಣ ಬಹಳ ಸುಧಾರಿಸಿದೆ. ಈ ಅಗತ್ಯ ಮಾತ್ರ ಹಾಗೆಯೇ ಉಳಿದಿದೆ.

ಮುಂದಿನ ಎಲ್ಲ ಹಂತಗಳ ಹಿಂದೆ ಇರುವುದು ಒಂದೇ ತತ್ತ್ವ: ಮಾನಕವನ್ನು, ಅಂದರೆ ದಹನ ಶಾಖ ಗೊತ್ತಿರುವ ವಸ್ತುವನ್ನು, ಹೇಗೆ ಸುಟ್ಟಿರೋ ಮಾದರಿಯನ್ನೂ ಹಾಗೆಯೇ ಸುಡಬೇಕು. ನೀರಿನ ತೂಕ, ಆಮ್ಲಜನಕದ ಒತ್ತಡ, ತಂತಿಯ ಉದ್ದ, ಆರಂಭದ ತಾಪಮಾನ, ಕಲಕುವ ವೇಗ ಇವು ಎರಡೂ ಕಡೆ ಒಂದೇ ಆಗಿದ್ದರೆ ಅನೇಕ ಸಣ್ಣ ದೋಷಗಳು ತಾವಾಗಿಯೇ ಪರಸ್ಪರ ವಜಾ ಆಗುತ್ತವೆ. ಮಾಪನಾಂಕ ನಿರ್ಣಯದ ದಿನ ವಿಶೇಷ ಎಚ್ಚರ ವಹಿಸಿ, ಮಾರನೆಯ ದಿನದಿಂದ ಮಾಮೂಲಿ ರೀತಿಗೆ ಇಳಿದರೆ ಆ ಎಚ್ಚರವೇ ದೋಷದ ಮೂಲವಾಗುತ್ತದೆ.

ಮಾನಕ ವಸ್ತು

ಈ ಕೆಲಸಕ್ಕೆ ಜಗತ್ತಿನಾದ್ಯಂತ ಬಳಸುವುದು ಬೆಂಝೋಯಿಕ್ ಆಮ್ಲ. ಇದಕ್ಕೆ ಕಾರಣಗಳಿವೆ. ಇದನ್ನು ಅತ್ಯಂತ ಶುದ್ಧ ರೂಪದಲ್ಲಿ ಪಡೆಯಬಹುದು, ಇದು ಗಾಳಿಯ ತೇವವನ್ನು ಹೀರುವುದಿಲ್ಲ, ಕೋಣೆಯ ತಾಪಮಾನದಲ್ಲಿ ಸುಲಭವಾಗಿ ಆವಿಯಾಗುವುದಿಲ್ಲ, ಒತ್ತಿದರೆ ಚೆನ್ನಾಗಿ ಗುಳಿಗೆಯಾಗುತ್ತದೆ, ಮಸಿ ಬಿಡದೆ ಪೂರ್ತಿ ಉರಿಯುತ್ತದೆ. ಸಾಮಾನ್ಯ ರಾಸಾಯನಿಕದ ಬಾಟಲಿಯಿಂದ ತೆಗೆದ ಬೆಂಝೋಯಿಕ್ ಆಮ್ಲ ಸಾಲದು. ದಹನ ಶಾಖವನ್ನು ನಮೂದಿಸಿದ ಪ್ರಮಾಣಪತ್ರ ಇರುವ, ಕ್ಯಾಲೋರಿಮೀಟರಿಗೆಂದೇ ತಯಾರಾದ ವಸ್ತು ಬೇಕು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಾದ ಎನ್‌ಐಎಸ್‌ಟಿಯ ಎಸ್‌ಆರ್‌ಎಂ (ಪ್ರಮಾಣಿತ ಉಲ್ಲೇಖ ವಸ್ತು) 39 ಸರಣಿಯ ಬೆಂಝೋಯಿಕ್ ಆಮ್ಲಕ್ಕೆ ಗ್ರಾಂಗೆ 26434 ಜೂಲ್ ಎಂಬ ಮೌಲ್ಯವಿದೆ. ಹಳೆಯ ಲೆಕ್ಕದಲ್ಲಿ ಇದು ಸುಮಾರು 6318 ಕ್ಯಾಲೊರಿ. ಮಾರುಕಟ್ಟೆಯ ಗುಳಿಗೆಗಳು ಬಹುತೇಕ ಇಂಥ ಮೂಲ ಮಾನಕಕ್ಕೆ ಹೋಲಿಸಿ ಮೌಲ್ಯ ಕಟ್ಟಿದವು. ನಿಮ್ಮ ಲೆಕ್ಕದಲ್ಲಿ ಬಳಸಬೇಕಾದದ್ದು ನಿಮ್ಮ ಕೈಯಲ್ಲಿರುವ ಬಾಟಲಿಯ ಪ್ರಮಾಣಪತ್ರದ ಅಂಕಿಯನ್ನೇ.

ಪ್ರಮಾಣಪತ್ರವನ್ನು ಪೂರ್ತಿ ಓದಬೇಕು. ಅಲ್ಲಿರುವ ಮೌಲ್ಯ ಕೆಲವು ಷರತ್ತುಗಳಿಗೆ ಬದ್ಧ: ತಾಪಮಾನ 25 ಡಿಗ್ರಿ ಸೆಲ್ಸಿಯಸ್, ಆಮ್ಲಜನಕದ ಒತ್ತಡ ಸುಮಾರು 3 ಮೆಗಾಪ್ಯಾಸ್ಕಲ್ (30 ವಾಯುಮಂಡಲ), ಬಾಂಬಿನ ಪ್ರತಿ ಲೀಟರ್ ಗಾತ್ರಕ್ಕೆ 3 ಗ್ರಾಂ ಮಾನಕ ಮತ್ತು 3 ಗ್ರಾಂ ನೀರು. ಸುಮಾರು ಮೂರನೇ ಒಂದು ಲೀಟರ್ ಗಾತ್ರದ ಬಾಂಬಿನಲ್ಲಿ ಒಂದು ಗ್ರಾಂ ಗುಳಿಗೆ, ಒಂದು ಮಿ.ಲೀ. ನೀರು ಎಂಬ ವಾಡಿಕೆ ಬಂದಿರುವುದು ಈ ಷರತ್ತಿನಿಂದಲೇ. ಷರತ್ತಿನಿಂದ ತುಸು ಆಚೀಚೆ ಆದರೆ ಆಗುವ ವ್ಯತ್ಯಾಸ ಬಹಳ ಚಿಕ್ಕದು. ತಾಪಮಾನ ಒಂದು ಡಿಗ್ರಿ ಬದಲಾದರೆ ಹತ್ತು ಲಕ್ಷದಲ್ಲಿ ಸುಮಾರು 45 ಭಾಗದಷ್ಟು.

ಇದಕ್ಕಿಂತ ದೊಡ್ಡ ವಿಷಯ ಗಾಳಿಯಲ್ಲಿ ತೂಗುವುದಕ್ಕೆ ಸಂಬಂಧಿಸಿದ್ದು. ಪ್ರಮಾಣಪತ್ರದ ಮೌಲ್ಯ ನಿರ್ವಾತದಲ್ಲಿನ ದ್ರವ್ಯರಾಶಿಗೆ ಸಂಬಂಧಿಸಿರಬಹುದು, ಆದರೆ ನಾವು ತೂಗುವುದು ಗಾಳಿಯಲ್ಲಿ. ಬೆಂಝೋಯಿಕ್ ಆಮ್ಲದ ಸಾಂದ್ರತೆ ಸುಮಾರು 1.32, ತಕ್ಕಡಿಯನ್ನು ಹೊಂದಿಸಿದ ಉಕ್ಕಿನ ತೂಕದ ಸಾಂದ್ರತೆ 8.0. ಗಾಳಿಯ ಪ್ಲವನತೆ ಹಗುರ ವಸ್ತುವನ್ನು ಹೆಚ್ಚು ಎತ್ತುವುದರಿಂದ ತಕ್ಕಡಿ ತೋರಿಸುವ ತೂಕ ನಿಜಕ್ಕಿಂತ ಸುಮಾರು ಶೇ 0.076ರಷ್ಟು ಕಡಿಮೆ. ಅಂದರೆ ಗಾಳಿಯಲ್ಲಿ ತೂಗಿದ ಪ್ರತಿ ಗ್ರಾಂಗೆ 26434ರ ಬದಲು ಸುಮಾರು 26454 ಜೂಲ್ ಹಿಡಿಯಬೇಕಾಗುತ್ತದೆ. ನೀವು ಅಳೆಯುವ ಇಂಧನದ ಸಾಂದ್ರತೆಯೂ ಬೆಂಝೋಯಿಕ್ ಆಮ್ಲದ ಹತ್ತಿರವೇ ಇದ್ದು, ಎರಡನ್ನೂ ಗಾಳಿಯಲ್ಲೇ ತೂಗಿ ಎರಡಕ್ಕೂ ಈ ತಿದ್ದುಪಡಿಯನ್ನು ಬಿಟ್ಟರೆ ದೋಷ ಬಹುಮಟ್ಟಿಗೆ ವಜಾ ಆಗುತ್ತದೆ. ಒಂದಕ್ಕೆ ಹಾಕಿ ಇನ್ನೊಂದಕ್ಕೆ ಬಿಡುವುದು ಮಾತ್ರ ಸಲ್ಲದು. ಯಾವುದನ್ನು ಅನುಸರಿಸುತ್ತೀರಿ ಎಂಬುದನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಿ.

ಹಂತ 1: ಉಪಕರಣವನ್ನು ಸಿದ್ಧಪಡಿಸುವುದು

ಕೋಣೆಯಲ್ಲಿ ನೇರ ಬಿಸಿಲು, ಫ್ಯಾನಿನ ಗಾಳಿ, ಹವಾನಿಯಂತ್ರಕದ ಬೀಸು ಉಪಕರಣದ ಮೇಲೆ ಬೀಳದಂತೆ ನೋಡಿಕೊಳ್ಳಿ. ಜಾಕೆಟ್ (ಬಕೆಟ್ಟಿನ ಸುತ್ತಲಿನ ಹೊರಕವಚ) ಇರುವ ಉಪಕರಣವಾದರೆ ಅದನ್ನು ಚಾಲೂ ಮಾಡಿ ತಾಪಮಾನ ಸ್ಥಿರವಾಗುವವರೆಗೂ ಕಾಯಿರಿ. ತಯಾರಕರ ಕೈಪಿಡಿ ಹೇಳುವ ಸಮಯಕ್ಕಿಂತ ತುಸು ಹೆಚ್ಚೇ ಕಾಯುವುದು ಒಳ್ಳೆಯದು. ಬಾಂಬಿನ ಮುಚ್ಚಳದ ರಬ್ಬರ್ ಉಂಗುರ, ವಾಲ್ವ್, ವಿದ್ಯುದಗ್ರಗಳನ್ನು ಪರೀಕ್ಷಿಸಿ. ಉಂಗುರ ಸವೆದಿದ್ದರೆ ಈಗಲೇ ಬದಲಿಸಿ. ಅರ್ಧ ದಾರಿಯಲ್ಲಿ ಬದಲಿಸಿದರೆ ಅದುವರೆಗಿನ ಸುಡುವಿಕೆಗಳನ್ನೂ ನಂತರದವನ್ನೂ ಒಂದೇ ಸರಣಿ ಎನ್ನಲಾಗದು.

ಪ್ರಯೋಗಾಲಯದಲ್ಲಿ ಎರಡು ಬಾಂಬ್, ಎರಡು ಬಕೆಟ್ ಇದ್ದರೆ ಅವುಗಳಿಗೆ ಸಂಖ್ಯೆ ಹಾಕಿ ಜೋಡಿ ಗೊತ್ತುಮಾಡಿ. ಒಂದನೇ ಬಾಂಬಿಗೆ ಒಂದನೇ ಬಕೆಟ್, ಒಂದನೇ ಮುಚ್ಚಳ. ಪ್ರತಿ ಜೋಡಿಗೂ ಪ್ರತ್ಯೇಕ ಉಷ್ಣ ಸಾಮರ್ಥ್ಯ ಇರುತ್ತದೆ.

ಸುರಕ್ಷತೆಯ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಒತ್ತಡದ ಆಮ್ಲಜನಕದ ಹತ್ತಿರ ಎಣ್ಣೆ, ಗ್ರೀಸ್ ಸುಳಿಯಬಾರದು. ಜಿಡ್ಡು ಅಂಟಿದ ಕೈಯಿಂದ ರೆಗ್ಯುಲೇಟರ್ ಮುಟ್ಟುವುದೂ ಅಪಾಯ. ತಯಾರಕರು ಹೇಳಿದ ಗರಿಷ್ಠ ಮಾದರಿ ತೂಕ, ಗರಿಷ್ಠ ಒತ್ತಡ ಇವನ್ನು ಎಂದಿಗೂ ಮೀರಬೇಡಿ. ಅಕಸ್ಮಾತ್ ಹೆಚ್ಚು ಒತ್ತಡ ತುಂಬಿದರೆ ಉರಿಸಬೇಡಿ, ಅನಿಲ ಬಿಟ್ಟು ಮೊದಲಿನಿಂದ ಶುರುಮಾಡಿ. ಬಾಂಬಿನ ಗೋಡೆಯ ಒತ್ತಡ ಪರೀಕ್ಷೆಯ ಅವಧಿ ಮೀರಿದ್ದರೆ ಆ ಬಾಂಬನ್ನು ಬದಿಗಿಡಿ.

ಹಂತ 2: ಗುಳಿಗೆ ಮತ್ತು ತೂಕ

ಒತ್ತಿದ ಗುಳಿಗೆಯನ್ನೇ ಬಳಸಿ. ಪುಡಿಯನ್ನು ಹಾಗೆಯೇ ಇಟ್ಟರೆ ಆಮ್ಲಜನಕ ತುಂಬುವಾಗ ಹಾರಿ ಚೆದುರುತ್ತದೆ, ಚೆದುರಿದ್ದು ಉರಿಯದೆ ಉಳಿಯುತ್ತದೆ. ಗುಳಿಗೆ ತೀರಾ ಗಟ್ಟಿಯಾಗಿದ್ದರೂ ತೊಂದರೆ, ಉರಿಯುವಾಗ ಸಿಡಿದು ತುಣುಕುಗಳು ಮೂಸೆಯಿಂದ ಹೊರಗೆ ಬೀಳಬಹುದು. ಬೆರಳಿಗೆ ಪುಡಿ ಅಂಟದಷ್ಟು ಗಟ್ಟಿ ಇದ್ದರೆ ಸಾಕು. ತೂಕ 0.9ರಿಂದ 1.1 ಗ್ರಾಂ ನಡುವೆ ಇರಲಿ. ತೂಗುವ ಮೊದಲು ಮೃದುವಾದ ಬ್ರಷ್‌ನಿಂದ ಗುಳಿಗೆಯ ಅಂಚಿನ ಸಡಿಲ ಪುಡಿಯನ್ನು ಉದುರಿಸಿ, ಮೂಸೆಯಲ್ಲಿಟ್ಟು 0.0001 ಗ್ರಾಂವರೆಗೆ ತೂಗಿ. ತೂಗಿದ ಮೇಲೆ ಇಕ್ಕಳದಲ್ಲೇ ಹಿಡಿಯಬೇಕು.

ಗುಳಿಗೆಗಳನ್ನು ಒಲೆಯಲ್ಲಿ ಒಣಗಿಸುವ ಪರಿಪಾಠ ಕೆಲವೆಡೆ ಇದೆ. ಬೆಂಝೋಯಿಕ್ ಆಮ್ಲ ಸುಮಾರು 122 ಡಿಗ್ರಿಯಲ್ಲಿ ಕರಗುತ್ತದೆ, ಅದಕ್ಕೂ ಮುಂಚೆಯೇ ಉತ್ಪತನಗೊಳ್ಳತೊಡಗುತ್ತದೆ. ಡೆಸಿಕೇಟರಿನಲ್ಲಿ (ತೇವ ಹೀರುವ ವಸ್ತು ಇರುವ ಮುಚ್ಚಿದ ಪಾತ್ರೆಯಲ್ಲಿ) ಇಟ್ಟರೆ ಸಾಕು.

ಹಂತ 3: ಫ್ಯೂಸ್ ತಂತಿ

ಗುಳಿಗೆಯನ್ನು ಹೊತ್ತಿಸುವುದು ಈ ತಂತಿ. ಸುಮಾರು 10 ಸೆಂ.ಮೀ. ತಂತಿಯನ್ನು ಅಳೆದು ಕತ್ತರಿಸಿ ಎರಡು ವಿದ್ಯುದಗ್ರಗಳಿಗೆ ಕಟ್ಟಿ, ನಡುವಿನ ಬಾಗು ಗುಳಿಗೆಯನ್ನು ಮೆಲ್ಲಗೆ ತಾಕುವಂತೆ ಬಗ್ಗಿಸಿ. ತಂತಿ ಮೂಸೆಯ ಲೋಹವನ್ನು ತಾಕಬಾರದು. ತಾಕಿದರೆ ವಿದ್ಯುತ್ತು ಅಡ್ಡದಾರಿ ಹಿಡಿದು, ತಂತಿ ಮಾತ್ರ ಸುಟ್ಟು ಗುಳಿಗೆ ಹಾಗೆಯೇ ಉಳಿಯುತ್ತದೆ. ಹತ್ತಿಯ ದಾರವನ್ನು ತಂತಿಗೆ ಕಟ್ಟಿ ಗುಳಿಗೆಯ ಮೇಲೆ ಇಳಿಬಿಡುವ ಪದ್ಧತಿಯೂ ಇದೆ. ಹಾಗಾದರೆ ದಾರದ ತೂಕವೂ ಲೆಕ್ಕಕ್ಕೆ ಬರಬೇಕು. ಹತ್ತಿಯ ದಹನ ಶಾಖ ಗ್ರಾಂಗೆ ಸುಮಾರು 17500 ಜೂಲ್.

ಸಾಮಾನ್ಯವಾಗಿ ಬಳಸುವ ತೆಳುವಾದ ನಿಕಲ್-ಕ್ರೋಮಿಯಂ ತಂತಿಗೆ ಸೆಂ.ಮೀ.ಗೆ 2.3 ಕ್ಯಾಲೊರಿ, ಅಂದರೆ 9.62 ಜೂಲ್ ಹಿಡಿಯುತ್ತಾರೆ. ನಿಮ್ಮ ತಂತಿಯ ಪೊಟ್ಟಣದ ಮೇಲೆ ಬೇರೆ ಅಂಕಿ ಇದ್ದರೆ ಅದೇ ಸರಿ.

ಹಂತ 4: ಬಾಂಬಿಗೆ ನೀರು, ಆಮ್ಲಜನಕ

ಬಾಂಬಿನ ತಳಕ್ಕೆ ಪಿಪೆಟ್ಟಿನಿಂದ 1.0 ಮಿ.ಲೀ. ಶುದ್ಧ ನೀರು ಹಾಕಿ. ಒಳಗಿನ ಗಾಳಿ ಮೊದಲೇ ತೇವದಿಂದ ತುಂಬಿದ್ದರೆ ದಹನದಲ್ಲಿ ಹುಟ್ಟುವ ನೀರೆಲ್ಲ ದ್ರವವಾಗಿಯೇ ಇಳಿಯುತ್ತದೆ. ಜೊತೆಗೆ, ಒಳಗಿನ ಸಾರಜನಕದಿಂದ ಹುಟ್ಟುವ ನೈಟ್ರಿಕ್ ಆಮ್ಲವನ್ನೂ ಈ ನೀರು ಹಿಡಿದಿಡುತ್ತದೆ.

ಮುಚ್ಚಳ ಬಿಗಿದು ಆಮ್ಲಜನಕವನ್ನು ನಿಧಾನವಾಗಿ 3 ಮೆಗಾಪ್ಯಾಸ್ಕಲ್‌ವರೆಗೆ ತುಂಬಿ. ಶುದ್ಧತೆ ಶೇ 99.5ಕ್ಕೆ ಕಡಿಮೆ ಇರಬಾರದು. ನೀರಿನ ವಿದ್ಯುದ್ವಿಭಜನೆಯಿಂದ ತಯಾರಿಸಿದ ಆಮ್ಲಜನಕ ಬೇಡ, ಅದರಲ್ಲಿ ಉಳಿದಿರಬಹುದಾದ ಜಲಜನಕವೂ ಉರಿದು ಲೆಕ್ಕವನ್ನು ಕೆಡಿಸುತ್ತದೆ. ಇಷ್ಟು ಆಮ್ಲಜನಕ ಏಕೆ ಬೇಕು? ಒಂದು ಗ್ರಾಂ ಬೆಂಝೋಯಿಕ್ ಆಮ್ಲ ಪೂರ್ತಿ ಉರಿಯಲು ಬೇಕಾದದ್ದು ಸುಮಾರು 0.061 ಮೋಲ್. 340 ಮಿ.ಲೀ. ಬಾಂಬಿನಲ್ಲಿ 30 ವಾಯುಮಂಡಲ ಒತ್ತಡದಲ್ಲಿ ಇರುವುದು 0.42 ಮೋಲ್, ಅಂದರೆ ಅಗತ್ಯದ ಸುಮಾರು ಏಳರಷ್ಟು. ಈ ಧಾರಾಳವೇ ದಹನವನ್ನು ಕ್ಷಣಮಾತ್ರದಲ್ಲಿ, ಮಸಿಯಿಲ್ಲದೆ ಮುಗಿಸುತ್ತದೆ.

ಬಾಂಬಿನೊಳಗೆ ಮೊದಲೇ ಇದ್ದ ಗಾಳಿಯನ್ನು ಹೊರಗೆ ತಳ್ಳಬೇಕೇ, ಹಾಗೆಯೇ ಬಿಡಬೇಕೇ ಎಂಬುದರಲ್ಲಿ ಎರಡು ಪದ್ಧತಿಗಳಿವೆ. ಎರಡೂ ನಡೆಯುತ್ತವೆ. ಬಿಟ್ಟರೆ ಅದರ ಸಾರಜನಕದಿಂದ ನೈಟ್ರಿಕ್ ಆಮ್ಲ ಹೆಚ್ಚು ಹುಟ್ಟುತ್ತದೆ. ಮಾನಕಕ್ಕೆ ಒಂದು, ಮಾದರಿಗೆ ಇನ್ನೊಂದು ಎಂದು ಮಾತ್ರ ಆಗಬಾರದು.

ಹಂತ 5: ಬಕೆಟ್ಟಿನ ನೀರು

ಈ ಹಂತದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಮಾಪನಾಂಕ ನಿರ್ಣಯ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಹೆಚ್ಚಿನ ಉಪಕರಣಗಳಲ್ಲಿ ಬಕೆಟ್ಟಿಗೆ 2000 ಗ್ರಾಂ ನೀರು ಬೇಕು. ಅಳತೆಯ ಫ್ಲಾಸ್ಕಿನಲ್ಲಿ ಎರಡು ಲೀಟರ್ ಅಳೆದು ಸುರಿದರೆ ಆಯಿತು ಎನ್ನುವವರಿದ್ದಾರೆ. 20 ಡಿಗ್ರಿಯಲ್ಲಿ ನೀರಿನ ಸಾಂದ್ರತೆ 0.9982, 30 ಡಿಗ್ರಿಯಲ್ಲಿ 0.9957. ಎರಡು ಲೀಟರಿಗೆ ಈ ವ್ಯತ್ಯಾಸ ಸುಮಾರು 5 ಗ್ರಾಂ. ಐದು ಗ್ರಾಂ ನೀರೆಂದರೆ ಡಿಗ್ರಿಗೆ 21 ಜೂಲ್. ಡಿಗ್ರಿಗೆ ಸುಮಾರು 10100 ಜೂಲ್ ಸಾಮರ್ಥ್ಯದ ಉಪಕರಣದಲ್ಲಿ ಇದು ಶೇ 0.2. ತಂಪು ಬೆಳಗ್ಗೆ ಮಾಪನಾಂಕ ನಿರ್ಣಯ ಮಾಡಿ ಸೆಕೆಯ ಮಧ್ಯಾಹ್ನ ಮಾದರಿ ಸುಟ್ಟರೆ, ಕಲ್ಲಿದ್ದಲಿನ ಗ್ರಾಂಗೆ 25000 ಜೂಲ್‌ನಲ್ಲಿ 50 ಜೂಲ್ ಹೀಗೆಯೇ ಹೆಚ್ಚಾಗಿ ಬರುತ್ತದೆ.

ಆದ್ದರಿಂದ ನೀರನ್ನು ತೂಗಿ. ಬಕೆಟ್ಟಿನ ಒಳಗೆ ಹೊರಗೆ ಒರೆಸಿ ಒಣಗಿಸಿ, ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, 2000 ಗ್ರಾಂ ನೀರು ಹಾಕಿ. ಅರ್ಧ ಗ್ರಾಂ ಆಚೀಚೆ ಆದರೆ ಸಹಿಸಬಹುದು, ಅದರಿಂದ ಆಗುವ ದೋಷ ಶೇ 0.02. ನೀರು ಶುದ್ಧೀಕರಿಸಿದ್ದೇ ಆಗಿರಲಿ. ತಾನಾಗಿ ನೀರು ತುಂಬಿಕೊಳ್ಳುವ ಸ್ವಯಂಚಾಲಿತ ಉಪಕರಣವಿದ್ದರೆ ಅದು ಬಿಡುವ ನೀರನ್ನು ಆಗಾಗ ಹೊರಗೆ ಹಿಡಿದು ತೂಗಿ ನೋಡಿ.

ನೀರಿನ ಆರಂಭದ ತಾಪಮಾನ ಜಾಕೆಟ್ಟಿಗಿಂತ ಒಂದೂವರೆಯಿಂದ ಎರಡು ಡಿಗ್ರಿ ಕಡಿಮೆ ಇರಲಿ. ಆಗ ದಹನದ ಮೊದಲು ಜಾಕೆಟ್ಟಿನಿಂದ ನೀರಿಗೆ ಸ್ವಲ್ಪ ಶಾಖ ಬರುತ್ತದೆ, ನಂತರ ನೀರಿನಿಂದ ಜಾಕೆಟ್ಟಿಗೆ ಸ್ವಲ್ಪ ಹೋಗುತ್ತದೆ, ತಿದ್ದುಪಡಿ ಚಿಕ್ಕದಾಗುತ್ತದೆ. ಬಾಂಬನ್ನು ಇಳಿಸುವಾಗ ಇಕ್ಕಳಕ್ಕೆ ಅಂಟಿದ ಹನಿಗಳನ್ನು ಬಕೆಟ್ಟಿಗೇ ಕೊಡವಿ. ಮುಳುಗಿದ ಬಾಂಬಿನಿಂದ ಗುಳ್ಳೆಗಳ ಸಾಲು ಏಳುತ್ತಿದೆಯೇ ನೋಡಿ. ಎದ್ದರೆ ಸೋರಿಕೆ ಇದೆ ಎಂದರ್ಥ. ಅಂಥ ಬಾಂಬನ್ನು ಉರಿಸಬಾರದು.

ಹಂತ 6: ಉರಿಸುವುದು, ಓದುವುದು

ತಾಪಮಾಪಕ 0.001 ಡಿಗ್ರಿಯನ್ನು ಬಿಡಿಸಿ ತೋರಿಸುವಂಥದ್ದಾಗಿರಬೇಕು. ಹಿಂದೆ ಬೆಕ್‌ಮನ್ ಪಾದರಸ ತಾಪಮಾಪಕ ಇತ್ತು, ಈಗ ಪ್ಲಾಟಿನಂ ರೋಧ ತಾಪಮಾಪಕ ಅಥವಾ ಥರ್ಮಿಸ್ಟರ್. ಕಲಕುವ ಯಂತ್ರ ಹಾಕಿ ಐದು ನಿಮಿಷ ಬಿಡಿ. ನಂತರದ ಐದು ನಿಮಿಷ ನಿಮಿಷಕ್ಕೊಮ್ಮೆ ತಾಪಮಾನ ಬರೆದುಕೊಳ್ಳಿ. ಇದು ಪೂರ್ವ ಅವಧಿ. ಆಮೇಲೆ ಉರಿಸುವ ಗುಂಡಿ ಒತ್ತಿ. ಒತ್ತುವಾಗಲೂ ಒತ್ತಿದ ಮೇಲಿನ ಕನಿಷ್ಠ 15 ಸೆಕೆಂಡೂ ಉಪಕರಣದ ಮೇಲೆ ಬಾಗಿ ನಿಲ್ಲಬೇಡಿ.

ತಾಪಮಾನ 20 ಸೆಕೆಂಡಿನೊಳಗೆ ಏರತೊಡಗುತ್ತದೆ. 45, 60, 75, 90, 105ನೇ ಸೆಕೆಂಡುಗಳಲ್ಲಿ ಓದಿ. ಮುಂದೆ ನಿಮಿಷಕ್ಕೊಮ್ಮೆ ಓದುತ್ತ ಹೋಗಿ. ನಿಮಿಷದಿಂದ ನಿಮಿಷಕ್ಕೆ ವ್ಯತ್ಯಾಸ ಒಂದೇ ಸಮನಾದ ಮೇಲೂ ಐದು ನಿಮಿಷ ಓದಬೇಕು. ಏರಿಕೆಯೇ ಕಾಣದಿದ್ದರೆ ಗುಳಿಗೆ ಹೊತ್ತಿಲ್ಲ. ತಂತಿಗಳ ಸಂಪರ್ಕ ತೆಗೆದು ಕೆಲವು ನಿಮಿಷ ಕಾಯದೆ ಬಾಂಬನ್ನು ಮುಟ್ಟಬೇಡಿ.

ಹಂತ 7: ಬಾಂಬ್ ತೆರೆದು ನೋಡುವುದು

ಅನಿಲವನ್ನು ಒಂದು ನಿಮಿಷಕ್ಕೆ ಕಡಿಮೆಯಾಗದಂತೆ ನಿಧಾನವಾಗಿ ಬಿಡಿ. ಮುಚ್ಚಳ ತೆಗೆದ ಕೂಡಲೇ ಒಳಗನ್ನು ಚೆನ್ನಾಗಿ ಬೆಳಕಿನಲ್ಲಿ ನೋಡಿ. ಮೂಸೆಯಲ್ಲಾಗಲಿ ಗೋಡೆಯ ಮೇಲಾಗಲಿ ಮಸಿ ಕಂಡರೆ, ಉರಿಯದ ಬಿಳಿ ತುಣುಕು ಸಿಕ್ಕರೆ ಆ ಸುಡುವಿಕೆಯನ್ನು ಕೈಬಿಡಬೇಕು. ಅಂಕಿ ಎಷ್ಟೇ ಚೆಂದ ಬಂದಿರಲಿ, ಕೈಬಿಡಲೇಬೇಕು.

ಉಳಿದ ತಂತಿಯ ತುಂಡುಗಳನ್ನು ನೇರ ಮಾಡಿ ಅಳೆದು ಒಟ್ಟು ಉದ್ದದಿಂದ ಕಳೆಯಿರಿ. ಬಾಂಬಿನ ಒಳಭಾಗ, ಮುಚ್ಚಳ, ಮೂಸೆ ಎಲ್ಲವನ್ನೂ ಶುದ್ಧ ನೀರಿನಿಂದ ತೊಳೆದು ಆ ತೊಳೆನೀರನ್ನು ಮೀಥೈಲ್ ಆರೆಂಜ್ ಅಥವಾ ಮೀಥೈಲ್ ರೆಡ್ ಸೂಚಕದೊಂದಿಗೆ ಸೋಡಿಯಂ ಕಾರ್ಬೊನೇಟ್ ದ್ರಾವಣದಿಂದ ಟೈಟ್ರೇಷನ್ ಮಾಡಿ. ದ್ರಾವಣದ ಪ್ರಬಲತೆ 0.0709 ನಾರ್ಮಲ್ ಇದ್ದರೆ ಆಮ್ಲ ಹುಟ್ಟುವಾಗ ಹೊರಬಂದ ಶಾಖವನ್ನು ಒಂದು ಮಿ.ಲೀ.ಗೆ ಸರಿಯಾಗಿ ಒಂದು ಕ್ಯಾಲೊರಿ, ಅಂದರೆ 4.184 ಜೂಲ್ ಹಿಡಿಯಬಹುದು. ಆ ವಿಚಿತ್ರ ಸಂಖ್ಯೆಯನ್ನು ಆರಿಸಿರುವುದೇ ಈ ಅನುಕೂಲಕ್ಕೆ. ಬೆಂಝೋಯಿಕ್ ಆಮ್ಲದಲ್ಲಿ ಗಂಧಕ ಇಲ್ಲದಿರುವುದರಿಂದ ಇಲ್ಲಿ ಸಿಗುವ ಆಮ್ಲವೆಲ್ಲ ನೈಟ್ರಿಕ್ ಆಮ್ಲವೇ. ಗಂಧಕವಿರುವ ಇಂಧನಗಳಲ್ಲಿ ಸಲ್ಫ್ಯೂರಿಕ್ ಆಮ್ಲಕ್ಕೆ ಬೇರೆ ತಿದ್ದುಪಡಿ ಬೇಕು.

ಹಂತ 8: ಲೆಕ್ಕ

ಒಂದು ಸುಡುವಿಕೆಯ ಅಂಕಿಗಳನ್ನು ಹಿಡಿದು ಲೆಕ್ಕವನ್ನು ಕೊನೆಯವರೆಗೆ ಮಾಡೋಣ. ಇವು ವಿವರಣೆಗಾಗಿ ನಾನೇ ಹೊಂದಿಸಿಕೊಂಡ ಅಂಕಿಗಳು.

ಗುಳಿಗೆ 1.0012 ಗ್ರಾಂ. ಉರಿದ ತಂತಿ 8.0 ಸೆಂ.ಮೀ. ಟೈಟ್ರೇಷನ್ 10.0 ಮಿ.ಲೀ. ಉರಿಸುವ ಕ್ಷಣದ ತಾಪಮಾನ 23.412 ಡಿಗ್ರಿ, ಏಳು ನಿಮಿಷದ ನಂತರ 26.031. ಕಂಡ ಏರಿಕೆ 2.619. ಪೂರ್ವ ಅವಧಿಯಲ್ಲಿ ತಾಪಮಾನ ನಿಮಿಷಕ್ಕೆ 0.0014 ಡಿಗ್ರಿ ಏರುತ್ತಿತ್ತು, ಕೊನೆಯಲ್ಲಿ ನಿಮಿಷಕ್ಕೆ 0.0018 ಡಿಗ್ರಿ ಇಳಿಯುತ್ತಿತ್ತು.

ಕಂಡ ಏರಿಕೆಯನ್ನು ಹಾಗೆಯೇ ಬಳಸುವಂತಿಲ್ಲ, ಏಕೆಂದರೆ ಆ ಏಳು ನಿಮಿಷಗಳಲ್ಲಿ ಜಾಕೆಟ್ಟಿನೊಂದಿಗೆ ಶಾಖದ ಕೊಡುಕೊಳ್ಳುವಿಕೆ ನಡೆದೇ ಇತ್ತು. ಕಲಕುವುದರಿಂದಲೂ ಸ್ವಲ್ಪ ಶಾಖ ಹುಟ್ಟುತ್ತಿತ್ತು. ಇದನ್ನು ಸರಿಪಡಿಸಲು 20ನೇ ಶತಮಾನದ ಎರಡನೆಯ ದಶಕದಲ್ಲಿ ಅಮೆರಿಕದ ಮಾನಕ ಸಂಸ್ಥೆಯ ಡಿಕಿನ್‌ಸನ್ ಬಳಕೆಗೆ ತಂದ ಸರಳ ಉಪಾಯ ಇಂದಿಗೂ ನಡೆಯುತ್ತಿದೆ. ಒಟ್ಟು ಏರಿಕೆಯ ಶೇ 60ರಷ್ಟು ಮುಗಿಯುವ ಕ್ಷಣವನ್ನು ಗುರುತಿಸಿ. ಅದಕ್ಕೆ ಮೊದಲಿನ ಸಮಯಕ್ಕೆ ಪೂರ್ವ ಅವಧಿಯ ವೇಗವನ್ನೂ ನಂತರದ ಸಮಯಕ್ಕೆ ಕೊನೆಯ ವೇಗವನ್ನೂ ಅನ್ವಯಿಸಿ.

ನಮ್ಮ ಉದಾಹರಣೆಯಲ್ಲಿ ಶೇ 60ರ ತಾಪಮಾನ 24.983. 75ನೇ ಸೆಕೆಂಡಿನ ಓದು 24.801, 90ನೇ ಸೆಕೆಂಡಿನದು 25.120 ಆಗಿದ್ದರೆ, ಎರಡರ ನಡುವೆ ಸರಳ ರೇಖೆ ಎಳೆದು ನೋಡಿದಾಗ ಆ ಕ್ಷಣ ಸುಮಾರು 84 ಸೆಕೆಂಡು, ಅಂದರೆ 1.4 ನಿಮಿಷ. ಉಳಿದದ್ದು 5.6 ನಿಮಿಷ. ಮೊದಲ ಭಾಗದಲ್ಲಿ ಹೊರಗಿನಿಂದ ಬಂದ ಏರಿಕೆ 0.0014 × 1.4 = 0.0020, ಇದನ್ನು ಕಳೆಯಬೇಕು. ಎರಡನೆಯ ಭಾಗದಲ್ಲಿ ಕಳೆದುಕೊಂಡದ್ದು 0.0018 × 5.6 = 0.0101, ಇದನ್ನು ಕೂಡಿಸಬೇಕು. ತಿದ್ದಿದ ಏರಿಕೆ 2.6271 ಡಿಗ್ರಿ.

ಶಾಖದ ಲೆಕ್ಕ ಹೀಗೆ: ಗುಳಿಗೆಯಿಂದ 1.0012 × 26434 = 26465.7 ಜೂಲ್, ತಂತಿಯಿಂದ 8.0 × 9.62 = 77.0 ಜೂಲ್, ನೈಟ್ರಿಕ್ ಆಮ್ಲದಿಂದ 41.8 ಜೂಲ್. ಒಟ್ಟು 26584.5 ಜೂಲ್. ಇದನ್ನು 2.6271ರಿಂದ ಭಾಗಿಸಿದರೆ ಡಿಗ್ರಿಗೆ 10119 ಜೂಲ್. ಇದೇ ಈ ಸುಡುವಿಕೆ ಕೊಟ್ಟ ಉಷ್ಣ ಸಾಮರ್ಥ್ಯ. ತಾಪಮಾನದ ತಿದ್ದುಪಡಿ ಮಾಡದೆ 2.619ರಿಂದಲೇ ಭಾಗಿಸಿದ್ದರೆ 10151 ಬರುತ್ತಿತ್ತು. ಶೇ 0.3ರ ಈ ಅಂತರ, ಉಳಿದ ಎಲ್ಲ ಎಚ್ಚರವನ್ನೂ ವ್ಯರ್ಥ ಮಾಡುವಷ್ಟು ದೊಡ್ಡದು.

ಅಡಿಯಾಬ್ಯಾಟಿಕ್ ಉಪಕರಣಗಳಲ್ಲಿ ಜಾಕೆಟ್ಟಿನ ತಾಪಮಾನ ಬಕೆಟ್ಟಿನ ನೀರನ್ನೇ ಹಿಂಬಾಲಿಸುವುದರಿಂದ ಈ ತಿದ್ದುಪಡಿಯ ಅಗತ್ಯ ಬೀಳುವುದಿಲ್ಲ. ಜಾಕೆಟ್ ತಾಪಮಾನ ಸ್ಥಿರವಾಗಿರುವ ಐಸೊಪೆರಿಬೋಲ್ ಉಪಕರಣಗಳು ಇದನ್ನು ತಾವೇ ಲೆಕ್ಕ ಹಾಕಿ ಕೊಡುತ್ತವೆ. ಆದರೂ ಒಮ್ಮೆಯಾದರೂ ಕಚ್ಚಾ ಓದುಗಳನ್ನು ಹೊರತೆಗೆದು ಕೈಯಲ್ಲಿ ಲೆಕ್ಕ ಮಾಡಿ ನೋಡಿ ಎಂಬುದು ನನ್ನ ಒತ್ತಾಯ. ಉಪಕರಣ ಎಲ್ಲಿ ಎಡವಬಹುದು ಎಂಬ ತಿಳಿವಳಿಕೆ ಈ ಲೆಕ್ಕದಿಂದ ಬರುವಷ್ಟು ಬೇರೆ ಯಾವುದರಿಂದಲೂ ಬಾರದು.

ಹಂತ 9: ಹತ್ತು ಬಾರಿ

ಒಂದು ಸುಡುವಿಕೆಯಿಂದ ಏನೂ ಸಿದ್ಧವಾಗುವುದಿಲ್ಲ. ಹೊಸ ಉಪಕರಣಕ್ಕೆ, ದೊಡ್ಡ ದುರಸ್ತಿಯಾದ ಉಪಕರಣಕ್ಕೆ ಹತ್ತು ಒಳ್ಳೆಯ ಸುಡುವಿಕೆಗಳು ಬೇಕು. ಒಂದೇ ದಿನ ಎಲ್ಲವನ್ನೂ ಮುಗಿಸದೆ ಎರಡು ಮೂರು ದಿನಗಳಿಗೆ ಹಂಚಿ. ದಿನದಿಂದ ದಿನಕ್ಕೆ ಆಗುವ ಏರುಪೇರೂ ಸರಾಸರಿಯೊಳಗೆ ಬರಬೇಕು.

ಹತ್ತು ಮೌಲ್ಯಗಳು ಕ್ರಮವಾಗಿ 10119, 10126, 10112, 10121, 10108, 10124, 10117, 10130, 10115, 10118 ಎಂದು ಬಂದವು ಎಂದುಕೊಳ್ಳಿ. ಸರಾಸರಿ 10119, ಮಾನಕ ವಿಚಲನೆ (ಮೌಲ್ಯಗಳು ಸರಾಸರಿಯಿಂದ ಎಷ್ಟು ಚೆದುರಿವೆ ಎಂಬ ಅಳತೆ) 6.6, ಅಂದರೆ ಶೇ 0.065. ಇದು ಒಳ್ಳೆಯ ಫಲಿತಾಂಶ. ಶೇ 0.1ರ ಒಳಗಿದ್ದರೆ ನೆಮ್ಮದಿಯಿಂದ ಮುಂದೆ ಹೋಗಬಹುದು. ಶೇ 0.2 ಮುಟ್ಟಿದರೆ ಕೆಲಸ ನಿಲ್ಲಿಸಿ ಕಾರಣ ಹುಡುಕಬೇಕು. ನೀವು ಅನುಸರಿಸುವ ಮಾನಕ ಪದ್ಧತಿಯಲ್ಲಿ ಮಿತಿ ಎಷ್ಟಿದೆ ಎಂಬುದನ್ನೂ ನೋಡಿಕೊಳ್ಳಿ.

ವಿಚಲನೆಯಷ್ಟೇ ಮುಖ್ಯವಾದದ್ದು ಅಂಕಿಗಳ ಕ್ರಮ. ಮೇಲಿನ ಸಾಲಿನಲ್ಲಿ ಮೌಲ್ಯಗಳು ಏರಿಳಿಯುತ್ತ ಹೋಗಿವೆ, ಯಾವ ಒಲವೂ ಕಾಣುವುದಿಲ್ಲ. ಇವೇ ಹತ್ತು ಅಂಕಿಗಳು 10108ರಿಂದ 10130ರವರೆಗೆ ಒಂದೇ ಸಮನೆ ಏರುತ್ತ ಹೋಗಿದ್ದರೆ ಸರಾಸರಿಯೂ ಅದೇ, ವಿಚಲನೆಯೂ ಅದೇ. ಆದರೆ ಆಗ ಏನೋ ಜಾರುತ್ತಿದೆ ಎಂದೇ ತಿಳಿಯಬೇಕು. ಜಾಕೆಟ್ ಇನ್ನೂ ಸ್ಥಿರವಾಗಿಲ್ಲದಿರಬಹುದು, ಕಲಕುವ ಬೆಲ್ಟ್ ಸಡಿಲವಾಗುತ್ತಿರಬಹುದು, ತಾಪಮಾಪಕದ ಓದು ಮೆಲ್ಲಗೆ ಸರಿಯುತ್ತಿರಬಹುದು. ಹಾಗಾಗಿ ಮೌಲ್ಯಗಳನ್ನು ಸುಟ್ಟ ಕ್ರಮದಲ್ಲೇ ಗ್ರಾಫ್ ಕಾಗದದ ಮೇಲೆ ಗುರುತಿಸಿ ನೋಡುವುದನ್ನು ಬಿಡಬೇಡಿ.

ಹತ್ತರಲ್ಲಿ ಒಂದು ಮೌಲ್ಯ ದೂರ ಸಿಡಿದು ನಿಂತರೆ ಏನು ಮಾಡಬೇಕು? ಮಸಿ, ಸೋರಿಕೆ, ಚೆಲ್ಲಿದ ನೀರು, ಹೀಗೆ ಆ ಸುಡುವಿಕೆಯ ಪುಟದಲ್ಲಿ ಬರೆದ ಕಾರಣ ಇದ್ದರೆ ತೆಗೆದುಹಾಕಿ. ಕಾರಣ ಇಲ್ಲದಿದ್ದರೆ ಇಟ್ಟುಕೊಳ್ಳಿ, ಜೊತೆಗೆ ಇನ್ನಷ್ಟು ಸುಡಿ. ಇಷ್ಟವಾಗದ ಅಂಕಿಯನ್ನು ಅಳಿಸಿ ವಿಚಲನೆಯನ್ನು ಚಿಕ್ಕದು ಮಾಡುವುದು ಅಳತೆಯಲ್ಲ. ಈ ಒಂದು ವಿಷಯದಲ್ಲಿ ರಿಯಾಯಿತಿ ಬೇಡವೇ ಬೇಡ.

ನಿಮ್ಮ ಮಾದರಿಗಳಲ್ಲಿ ಕೆಲವು ಕಡಿಮೆ ಶಾಖದವು, ಕೆಲವು ಹೆಚ್ಚು ಶಾಖದವು ಇದ್ದರೆ 0.7 ಗ್ರಾಂ ಗುಳಿಗೆಗಳನ್ನೂ ಉಪಕರಣದ ಮಿತಿಯೊಳಗೆ ತುಸು ಭಾರದ ಗುಳಿಗೆಗಳನ್ನೂ ಸುಟ್ಟು ನೋಡಿ. ಏರಿಕೆ ಹೆಚ್ಚು ಕಡಿಮೆಯಾದಂತೆ ಉಷ್ಣ ಸಾಮರ್ಥ್ಯವೂ ಒಂದೇ ದಿಕ್ಕಿಗೆ ಸರಿಯುತ್ತಿದ್ದರೆ ತಾಪಮಾಪಕ ಅಥವಾ ತಿದ್ದುಪಡಿಯ ವಿಧಾನ ಅನುಮಾನಕ್ಕೆ ಒಳಗಾಗಬೇಕು.

ಹಂತ 10: ಪರಿಶೀಲನೆ

ಸರಾಸರಿ ಸಿಕ್ಕ ಮೇಲೆ ಬೇರೆ ಬಾಟಲಿಯ, ಸಾಧ್ಯವಾದರೆ ಬೇರೆ ತಯಾರಕರ ಪ್ರಮಾಣಿತ ಬೆಂಝೋಯಿಕ್ ಆಮ್ಲವನ್ನು ಅಪರಿಚಿತ ಮಾದರಿ ಎಂಬಂತೆ ಸುಡಿ. ಈಗ ಲೆಕ್ಕ ತಿರುಗುಮುರುಗು. ಉಷ್ಣ ಸಾಮರ್ಥ್ಯವನ್ನು ತಿದ್ದಿದ ಏರಿಕೆಯಿಂದ ಗುಣಿಸಿ, ತಂತಿ ಮತ್ತು ಆಮ್ಲದ ಶಾಖವನ್ನು ಕಳೆದು, ತೂಕದಿಂದ ಭಾಗಿಸಬೇಕು. 0.9985 ಗ್ರಾಂ ಗುಳಿಗೆ 2.6190 ಡಿಗ್ರಿ ಏರಿಕೆ ಕೊಟ್ಟಿತು, 7.5 ಸೆಂ.ಮೀ. ತಂತಿ ಉರಿಯಿತು, 9.6 ಮಿ.ಲೀ. ಟೈಟ್ರೇಷನ್ ಆಯಿತು ಎಂದರೆ ಉತ್ತರ ಗ್ರಾಂಗೆ 26429 ಜೂಲ್. ಆ ಬಾಟಲಿಯ ಪ್ರಮಾಣಿತ ಮೌಲ್ಯವೂ 26434 ಆಗಿದ್ದರೆ ಅಂತರ ಶೇ 0.02, ಹೆಮ್ಮೆಪಡುವಂಥದ್ದು.

ಬೇರೆ ಬಗೆಯ ವಸ್ತುವಿನಿಂದಲೂ ನೋಡಬಹುದು. ಸಕ್ಕರೆ, ಅಂದರೆ ಶುದ್ಧ ಸುಕ್ರೋಸ್, ಗ್ರಾಂಗೆ ಸುಮಾರು 16.5 ಕಿಲೋಜೂಲ್ ಕೊಡುತ್ತದೆ. ನ್ಯಾಫ್ತಲೀನ್ ಸುಮಾರು 40.2 ಕಿಲೋಜೂಲ್ ಕೊಡುತ್ತದೆ, ಆದರೆ ಅದು ತಕ್ಕಡಿಯ ಮೇಲೆಯೇ ನಿಧಾನವಾಗಿ ಆವಿಯಾಗುವುದರಿಂದ ಬೇಗ ತೂಗಿ ಬೇಗ ಮುಚ್ಚಬೇಕು. ಇವು ಬೆಂಝೋಯಿಕ್ ಆಮ್ಲದ ಎರಡೂ ಬದಿಯಲ್ಲಿ ಇರುವುದರಿಂದ ಉಪಕರಣದ ವ್ಯಾಪ್ತಿ ಚೆನ್ನಾಗಿ ತಿಳಿಯುತ್ತದೆ.

ಮತ್ತೆ ಯಾವಾಗ?

ಬಾಂಬಿನ ಮುಚ್ಚಳ, ಬಕೆಟ್, ತಾಪಮಾಪಕ, ಕಲಕುವ ಯಂತ್ರ ಇವುಗಳಲ್ಲಿ ಯಾವುದು ಬದಲಾದರೂ ಪೂರ್ತಿ ಹೊಸದಾಗಿ ಮಾಡಬೇಕು. ಉಪಕರಣವನ್ನು ಬೇರೆ ಕೋಣೆಗೆ ಸಾಗಿಸಿದರೂ, ಜಾಕೆಟ್ಟಿನ ತಾಪಮಾನವನ್ನು ಬದಲಿಸಿದರೂ ಅಷ್ಟೇ. ಏನೂ ಬದಲಾಗದಿದ್ದರೂ ಮಾದರಿಗಳನ್ನು ಸುಡುವ ದಿನ ಬೆಳಗ್ಗೆ ಒಂದು ಬೆಂಝೋಯಿಕ್ ಆಮ್ಲದ ಗುಳಿಗೆ ಸುಟ್ಟು, ಬಂದ ಮೌಲ್ಯವನ್ನು ನಿಯಂತ್ರಣ ನಕ್ಷೆಯ ಮೇಲೆ ಗುರುತಿಸಿ. ಮಧ್ಯದ ರೇಖೆ ಸರಾಸರಿಯದು, ಮೇಲೆ ಕೆಳಗೆ ಎರಡೆರಡು ಮಾನಕ ವಿಚಲನೆಯ ರೇಖೆಗಳು, ಅವುಗಳಾಚೆ ಮೂರು ಮೂರರ ರೇಖೆಗಳು. ಮೂರರ ರೇಖೆ ದಾಟಿದ ದಿನ ಮಾದರಿ ಸುಡಬಾರದು. ಎರಡರ ರೇಖೆಯನ್ನು ದಾಟಿದರೆ ಇನ್ನೊಂದು ಗುಳಿಗೆ ಸುಟ್ಟು ನೋಡಿ. ಒಂದೇ ಬದಿಯಲ್ಲಿ ಏಳೆಂಟು ಚುಕ್ಕೆಗಳು ಸಾಲಾಗಿ ಬಿದ್ದರೆ, ಎಲ್ಲವೂ ಮಿತಿಯೊಳಗೇ ಇದ್ದರೂ, ತಕ್ಕಡಿ ಮತ್ತು ಬಕೆಟ್ಟಿನ ನೀರಿನಿಂದ ತನಿಖೆ ಆರಂಭಿಸಿ.

ದಾಖಲೆ ಪುಸ್ತಕದಲ್ಲಿ ಪ್ರತಿ ಸುಡುವಿಕೆಗೂ ಬಾಂಬ್ ಮತ್ತು ಬಕೆಟ್ ಸಂಖ್ಯೆ, ಬೆಂಝೋಯಿಕ್ ಆಮ್ಲದ ಬ್ಯಾಚ್ ಸಂಖ್ಯೆ, ಗುಳಿಗೆ ಮತ್ತು ನೀರಿನ ತೂಕ, ಒತ್ತಡ, ಕಚ್ಚಾ ತಾಪಮಾನದ ಓದುಗಳು, ಉಳಿದ ತಂತಿಯ ಉದ್ದ, ಟೈಟ್ರೇಷನ್ ಅಂಕಿ, ಬಾಂಬ್ ತೆರೆದಾಗ ಕಂಡದ್ದು, ಮಾಡಿದವರ ಸಹಿ ಇಷ್ಟೂ ಇರಲಿ. ಕೈಬಿಟ್ಟ ಸುಡುವಿಕೆಯ ಪುಟವನ್ನು ಹರಿಯದೆ, ಕಾರಣ ಬರೆದು ಅಡ್ಡಗೆರೆ ಎಳೆದು ಅಲ್ಲಿಯೇ ಉಳಿಸಿ.